55 ಇಂಚಿನ ಟಿವಿಯಲ್ಲಿ ಫೋಟೊ: ಎರಡೂವರೆ ವರ್ಷ ಬಳಸಿದ ಮೇಲೆ

ಈ ಟಿವಿ ತಂದಿದ್ದು ಧಾರಾವಾಹಿಗಲ್ಲ, ಕ್ರಿಕೆಟ್‌ಗೂ ಅಲ್ಲ. ಫೋಟೊ ನೋಡೋಕೆ. ಅಮ್ಮನಿಗೆ ಮಂಡಿನೋವು. ತುಮಕೂರಿನ ಮನೆ ಬಿಟ್ಟು ಹೊರಗೆ ಹೋಗೋದೇ ಕಮ್ಮಿ ಆಗಿದೆ. ಅವರ ತವರು ಶಿರಾ ಕಡೆ, ಕಗ್ಗಲಡು ಹತ್ತಿರದ ಹಳ್ಳಿ. ಕಗ್ಗಲಡುವಿನ ಹುಣಸೆಮರಗಳ ಮೇಲೆ ಪ್ರತಿ ವರ್ಷ ಬಣ್ಣದ ಕೊಕ್ಕರೆಗಳು ಬಂದು ಗೂಡು ಕಟ್ಟುತ್ತವೆ. ಅಲ್ಲಿಯ ಜನ ಅವುಗಳಿಗೆ ಒಂದು ಕಲ್ಲು ಹೊಡೆಯೋಕೂ ಬಿಡಲ್ಲ. ನಾನು ಕ್ಯಾಮೆರಾ ಹಿಡಿದು ಹೋಗಿ ತೆಗೆದು ತರೋದು, ಅಮ್ಮ ಕೂತಲ್ಲೇ ದೊಡ್ಡದಾಗಿ ನೋಡೋದು. ಈ ಲೆಕ್ಕದಲ್ಲಿ 40 ಸಾವಿರದ ಒಳಗೆ ಒಂದು 4ಕೆ ಟಿವಿ ತಂದೆ.

ಸೌಂಡು, ಆ್ಯಪು, ರಿಮೋಟು ಇವುಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನನಗೆ ಅದರಲ್ಲಿ ತಕರಾರಿಲ್ಲ. ನನ್ನ ಸಿಟ್ಟು ಒಂದೇ ವಿಷಯಕ್ಕೆ.

ಲ್ಯಾಪ್‌ಟಾಪಿನಲ್ಲಿ ಚೂಪಾಗಿ ಕಾಣುತ್ತಿದ್ದ ಕೊಕ್ಕರೆಯ ಕಣ್ಣು ಟಿವಿಗೆ ಬಂದರೆ ಮಂಕಾಗುತ್ತಿತ್ತು. ಬಾಲದ ಹತ್ತಿರದ ಗುಲಾಬಿ ಗರಿಗಳು ಒಂದಕ್ಕೊಂದು ಅಂಟಿಕೊಂಡ ಹಾಗೆ. ಮೊದಲ ಒಂದು ವರ್ಷ ನನ್ನ ಫೋಕಸ್ಸೇ ಸರಿಯಿಲ್ಲ ಅಂದುಕೊಂಡಿದ್ದೆ. ಪೆನ್‌ಡ್ರೈವ್ ಬದಲಾಯಿಸಿದೆ. ಸರ್ವೀಸಿನವರನ್ನು ಕರೆಸಿದೆ. ಬಂದವರು ಎಲ್ಲ ರೀಸೆಟ್ ಮಾಡಿ, ‘ಫೋಟೊ ಇಷ್ಟೇ ಬರೋದು ಸರ್’ ಅಂತ ಹೇಳಿ ಹೋದರು.

ಕೊನೆಗೆ ನಾನೇ ಒಂದು ಪರೀಕ್ಷೆ ಮಾಡಿದೆ. 4ಕೆ ಅಂದರೆ ಅಡ್ಡಕ್ಕೆ 3840, ಮೇಲಿಂದ ಕೆಳಕ್ಕೆ 2160 ಚುಕ್ಕಿ (ಪಿಕ್ಸೆಲ್). ಒಟ್ಟು ಸುಮಾರು 83 ಲಕ್ಷ. ಗಿಂಪ್ ಅನ್ನೋ ಚಿತ್ರ ತಿದ್ದುವ ಸಾಫ್ಟ್‌ವೇರಿನಲ್ಲಿ ಅದೇ ಅಳತೆಯ ಒಂದು ಚಿತ್ರ ಮಾಡಿದೆ. ಒಂದು ಚುಕ್ಕಿ ಅಗಲದ ಕಪ್ಪು ಗೆರೆ, ಪಕ್ಕದಲ್ಲಿ ಒಂದು ಚುಕ್ಕಿ ಬಿಳಿ ಗೆರೆ, ಹೀಗೆ ಪೂರ್ತಿ. ಟಿವಿಯಲ್ಲಿ ಹಾಕಿ ಗಾಜಿನ ಹತ್ತಿರ ಮೂಗು ಇಟ್ಟು ನೋಡಿದೆ. ಗೆರೆಗಳೇ ಇಲ್ಲ. ಬರೀ ಬೂದು ಬಣ್ಣದ ಹಾಳೆ.

ಆಗ ಅರ್ಥವಾಯಿತು. ಎಷ್ಟೋ ಆಂಡ್ರಾಯ್ಡ್ ಟಿವಿಗಳು ಮೆನು, ಆ್ಯಪ್ ಎಲ್ಲವನ್ನೂ 1920×1080 ಅಳತೆಯಲ್ಲೇ ಬಿಡಿಸಿ, ಆಮೇಲೆ ಹಿಗ್ಗಿಸಿ ತೋರಿಸುತ್ತವೆ. ಫೋಟೊ ತೋರಿಸೋ ಆ್ಯಪ್ ಕೂಡ ಅದೇ ದಾರಿಯಲ್ಲಿ ಹೋಗುತ್ತದೆ. ಅಂದರೆ 83 ಲಕ್ಷ ಚುಕ್ಕಿಯ ಜಾಗದಲ್ಲಿ ನನಗೆ ಸಿಗುತ್ತಿದ್ದದ್ದು ಸುಮಾರು 21 ಲಕ್ಷ. ಕಾಲು ಭಾಗ! ವಿಡಿಯೊಗೆ ಮಾತ್ರ ಬೇರೆ ದಾರಿ ಇದೆ, ಅದು ಪೂರ್ತಿ 4ಕೆ ಬರುತ್ತದೆ. ಡಬ್ಬದ ಮೇಲೆ ದೊಡ್ಡದಾಗಿ 4ಕೆ ಅಂತ ಹಾಕುವವರು ಫೋಟೊಗೆ ಇದು ಅನ್ವಯಿಸಲ್ಲ ಅಂತ ಒಂದು ಸಾಲು ಬರೆಯಬಹುದಿತ್ತಲ್ವಾ? ಕಂಪನಿ ಹೆಸರು ಹಾಕುತ್ತಿಲ್ಲ, ಯಾಕಂದರೆ ಇದು ಒಂದೇ ಕಂಪನಿಯ ತೊಂದರೆ ಅಲ್ಲ. ಆದರೂ ಈ ಬೇಜಾರು ನನಗೆ ಇವತ್ತಿಗೂ ಹೋಗಿಲ್ಲ.

ವಿಡಿಯೊ ದಾರಿ ತೆರೆದೇ ಇದೆಯಲ್ಲ, ಫೋಟೊಗಳನ್ನೇ ಒಂದು ವಿಡಿಯೊ ಮಾಡಿ ಅದರಲ್ಲೇ ಕಳಿಸೋಣ ಅಂತ ಹೊರಟೆ. ಅಲ್ಲಿಂದ ಈ ಟಿವಿ ನನಗೆ ಇಷ್ಟ ಆಗೋಕೆ ಶುರುವಾಯಿತು.

ಈಗ ಭಾನುವಾರ ಬೆಳಗ್ಗೆ ಕಾಫಿ ಆದಮೇಲೆ ಎರಡು ಗಂಟೆ ಇದೇ ಕೆಲಸ. ವಾರದ ಫೋಟೊಗಳಲ್ಲಿ ಇಪ್ಪತ್ತು ಮಾತ್ರ ಆರಿಸುತ್ತೇನೆ. ಜಾಸ್ತಿ ಆದರೆ ಅಮ್ಮನಿಗೆ ಸುಸ್ತು. ನನ್ನ ಕ್ಯಾಮೆರಾದ ಚಿತ್ರ 6000×4000. ಟಿವಿಯ ಆಕಾರ 16:9, ಹಾಗಾಗಿ ಮೇಲೆ ಕೆಳಗೆ ಸೇರಿ 625 ಚುಕ್ಕಿ ಕತ್ತರಿಸಬೇಕು. ಇದನ್ನು ಟಿವಿಗೆ ಬಿಡಬಾರದು, ನಾವೇ ಮಾಡಬೇಕು. ಆಕಾಶ ಹೋದರೆ ಪರವಾಗಿಲ್ಲ, ಗೂಡಿನ ಕೆಳಗಿನ ಕೊಂಬೆ ಹೋದರೆ ಹಕ್ಕಿ ಗಾಳಿಯಲ್ಲಿ ನಿಂತ ಹಾಗೆ ಕಾಣುತ್ತದೆ. ಆಮೇಲೆ 3840×2160ಕ್ಕೆ ಇಳಿಸುತ್ತೇನೆ. ಶಾರ್ಪ್ ಮಾಡೋದು ಇಳಿಸಿದ ಮೇಲೆ, ಅದೂ ಚೂರೇ ಚೂರು. ಫೋಟೊ ಉಳಿಸುವಾಗ ಬಣ್ಣದ ಮಾದರಿ ಎಸ್‌ಆರ್‌ಜಿಬಿಯಲ್ಲೇ ಇರಬೇಕು. ಒಂದು ಸಲ ಅಡೋಬ್ ಆರ್‌ಜಿಬಿ ಅನ್ನೋ ಇನ್ನೊಂದು ಮಾದರಿಯಲ್ಲಿ ಉಳಿಸಿದ್ದೆ, ಕೊಕ್ಕರೆಯ ಕಿತ್ತಳೆ ಬಣ್ಣದ ತಲೆ ಬಾಡಿದ ಹೂವಿನ ಹಾಗೆ ಬಂತು.

ಮೊಬೈಲಿನಲ್ಲಿ ನಿಲುವಾಗಿ ತೆಗೆದ ಫೋಟೊಗಳದ್ದು ಬೇರೆ ಕಥೆ. ಒಂದೊಂದೇ ಹಾಕಿದರೆ ಎರಡೂ ಕಡೆ ಕಪ್ಪು ಗೋಡೆ. ಆದರೆ 3:4 ಆಕಾರದ ಫೋಟೊವನ್ನು 2160 ಎತ್ತರಕ್ಕೆ ತಂದರೆ ಅಗಲ 1620 ಆಗುತ್ತದೆ. ಎರಡು ಪಕ್ಕಪಕ್ಕ ಇಟ್ಟರೆ 3240. ಉಳಿದ 600ರಲ್ಲಿ ಎಡಕ್ಕೆ 200, ನಡುವೆ 200, ಬಲಕ್ಕೆ 200. ಎಷ್ಟು ಚೆನ್ನಾಗಿ ಕೂರುತ್ತದೆ ಅಂದರೆ, ಹಳೇ ಆಲ್ಬಮ್ಮಿನ ಪುಟ ತೆರೆದ ಹಾಗಿರುತ್ತದೆ. ಅಕ್ಕನ ಮಗಳ ಮದುವೆ ಫೋಟೊಗಳನ್ನು ಹೀಗೇ ಜೋಡಿಸಿದೆ. ನೆಂಟರಿಗೆ ಮಾತ್ರ ಮೊದಲೇ ಹೇಳಿರಿ, ವಾಟ್ಸಾಪಿನಲ್ಲಿ ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಿ ಅಂತ. ಸುಮ್ನೆ ಕಳಿಸಿದರೆ ಅದು ಕುಗ್ಗಿ ಬರುತ್ತದೆ, ದೊಡ್ಡ ಪರದೆಯಲ್ಲಿ ಮುಖವೆಲ್ಲ ಮೇಣ ಹಚ್ಚಿದ ಹಾಗೆ.

ಎಲ್ಲಕ್ಕೂ 001, 002 ಅಂತ ಹೆಸರಿಟ್ಟು ಶಾಟ್‌ಕಟ್ ಅನ್ನೋ ವಿಡಿಯೊ ಜೋಡಿಸುವ ಸಾಫ್ಟ್‌ವೇರಿಗೆ ಹಾಕುತ್ತೇನೆ. ಅದು ಉಚಿತ. ವಿಡಿಯೊ ಅಳತೆ 2160ಪಿ, ಅಂದರೆ 4ಕೆ, ಒಂದೊಂದು ಫೋಟೊಗೆ 15 ಸೆಕೆಂಡು, ಜೂಮು ಗೀಮು ಏನೂ ಬೇಡ. ಎಚ್.265 ಅನ್ನೋ ವಿಡಿಯೊ ಮಾದರಿಯಲ್ಲಿ ತೆಗೆದು ಪೆನ್‌ಡ್ರೈವ್‌ಗೆ. ಪೆನ್‌ಡ್ರೈವ್ ಫಾರ್ಮ್ಯಾಟ್ ಆಗಿರೋದು ಫ್ಯಾಟ್32ರಲ್ಲಾದರೆ 4 ಜಿಬಿ ದಾಟಿದ ಫೈಲು ಕೂರಲ್ಲ, ಇಪ್ಪತ್ತು ಫೋಟೊಗೆ ಆ ಭಯವಿಲ್ಲ.

ಟಿವಿಯಲ್ಲೂ ಮೂರು ಕಡೆ ಕೈಯಾಡಿಸಬೇಕು. ಚಿತ್ರದ ಸೆಟ್ಟಿಂಗಿನಲ್ಲಿ ‘ವಿವಿಡ್’ ತೆಗೆದು ಸಿನಿಮಾ ಮೋಡ್‌ಗೆ ಹಾಕಿ. ಶಾರ್ಪ್‌ನೆಸ್ ಪೂರ್ತಿ ಇಳಿಸಿ, ಇಲ್ಲದಿದ್ದರೆ ಕೊಂಬೆಗಳ ಸುತ್ತ ಬಿಳಿ ಅಂಚು ಏಳುತ್ತದೆ. ಓವರ್‌ಸ್ಕ್ಯಾನ್ ಆಫ್ ಮಾಡಿ, ಅದು ನಾವು ಅಷ್ಟು ಯೋಚಿಸಿ ಕತ್ತರಿಸಿದ ಚಿತ್ರದ ಅಂಚನ್ನು ಮತ್ತೆ ಕತ್ತರಿಸುತ್ತದೆ.

ಹೀಗೆ ಮಾಡಿದ ಮೊದಲ ಸಂಜೆ ಅಮ್ಮ ದೇವರಿಗೆ ದೀಪ ಹಚ್ಚಿ ಬಂದು ಕೂತರು. ಹಿಂದಿನ ವರ್ಷದ್ದೇ ಒಂದು ಗೂಡಿನ ಫೋಟೊ ಬಂತು. ಹತ್ತು ಸಲ ನೋಡಿದ್ದೇ. ಅಮ್ಮ ಕನ್ನಡಕ ಸರಿ ಮಾಡಿಕೊಂಡು, ‘ಮರಿ ಮೂರು ಇದಾವಲ್ಲೋ, ನೀನು ಎರಡು ಅಂದಿದ್ದೆ’ ಅಂದರು. ಎದ್ದು ಹತ್ತಿರ ಹೋಗಿ ನೋಡಿದೆ. ಒಣಗಿದ ಕಡ್ಡಿ ಅಂದುಕೊಂಡಿದ್ದು ಮೂರನೇ ಮರಿಯ ಕೊಕ್ಕು. ಅಮ್ಮ ಅಲ್ಲಿಂದ ಆ ಹುಣಸೆಮರ ಯಾರ ಹೊಲದ್ದಿರಬೇಕು ಅಂತ ಶುರು ಮಾಡಿದವರು ಊಟದ ಹೊತ್ತಿನವರೆಗೂ ಮಾತಾಡಿದರು.

ಲ್ಯಾಪ್‌ಟಾಪಿನಿಂದ ಎಚ್‌ಡಿಎಂಐ ವೈರ್ ಎಳೆದರೂ ಪೂರ್ತಿ 4ಕೆ ಬರುತ್ತದೆ, ಅದನ್ನೂ ನೋಡಿದ್ದೇನೆ. ಆದರೆ ಪೆನ್‌ಡ್ರೈವ್ ಆದರೆ ನಾನಿಲ್ಲದಾಗಲೂ ಅಮ್ಮ ರಿಮೋಟ್ ಒತ್ತಿ ನೋಡಿಕೊಳ್ಳುತ್ತಾರೆ.

ಈ ದುಡ್ಡಿಗೆ ಪರದೆ ಒಳ್ಳೆಯದೇ. ಐದಕ್ಕೆ ಮೂರೂವರೆ ಕೊಡುತ್ತೇನೆ, ಉಳಿದದ್ದು ಆ ಮುಚ್ಚಿಟ್ಟ ವಿಷಯಕ್ಕೆ ಕಳೆದೆ. ಫೋಟೊಗೋಸ್ಕರ ಟಿವಿ ಕೊಳ್ಳುವವರು ಗೆರೆಗಳ ಚಿತ್ರ ಒಂದನ್ನು ಪೆನ್‌ಡ್ರೈವ್‌ನಲ್ಲಿ ಅಂಗಡಿಗೆ ಒಯ್ಯಿರಿ. ಹಾಕಿಸಿ, ಹತ್ತಿರ ಹೋಗಿ ನೋಡಿ. ಬೂದು ಬಂದರೆ ಬೆಲೆ ಮಾತಾಡುವ ಮುಂಚೆ ಅದನ್ನು ಅಂಗಡಿಯವರಿಗೂ ತೋರಿಸಿ.