ಠಾಣೆಯ ಎಫ್‌ಐಆರೋ, ಕೋರ್ಟಿನ ಖಾಸಗಿ ದೂರೋ? ಕೋಲಾರದವರಿಗೊಂದು ಹೋಲಿಕೆ

ಹಲ್ಲೆ, ಕಳವು, ವಂಚನೆ ಏನೇ ಇರಲಿ, ಮೊದಲು ಠಾಣೆಗೇ ಹೋಗಿ. ತನಿಖೆಯ ಓಡಾಟ, ಖರ್ಚು ಸರ್ಕಾರದ್ದು. 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ ಬದಲಿಗೆ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆ (ತನಿಖೆ, ವಿಚಾರಣೆ ಹೇಗೆ ನಡೆಯಬೇಕೆಂದು ಹೇಳುವ ಕಾನೂನು) ನೊಂದವರ ಕೈಗೂ ಒಂದಿಷ್ಟು ಹಿಡಿತ ಕೊಟ್ಟಿದೆ. ಘಟನೆ ಮಾಲೂರಿನಲ್ಲಿ ನಡೆದಿದ್ದರೂ ಮುಳಬಾಗಿಲಿನಲ್ಲಿ ದೂರು ಕೊಡಬಹುದು. ಎಫ್‌ಐಆರ್ ಪ್ರತಿ ಪುಕ್ಕಟೆ (ಕೇಳಿಯೇ ಪಡೆಯಿರಿ, ತಾವಾಗಿ ಕೊಟ್ಟಾರೆಂದು ಕಾಯಬೇಡಿ). ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ಪೊಲೀಸರೇ ತಿಳಿಸಬೇಕು.

ದೂರು ತೆಗೆದುಕೊಳ್ಳದೆ ಸತಾಯಿಸಿದರೆ ಎಸ್‌ಪಿಗೆ ಬರೆದು ಕಳಿಸಿ. ಬಂಗಾರಪೇಟೆಯವರು ಕೋಲಾರಕ್ಕೆ ಕಳಿಸಿದರೆ ಪ್ರಯೋಜನವಿಲ್ಲ. ಬಂಗಾರಪೇಟೆ ಸೇರುವ ಕೆಜಿಎಫ್ ಬೇರೆಯೇ ಪೊಲೀಸ್ ಜಿಲ್ಲೆ, ಅವರ ಎಸ್‌ಪಿ ಅಲ್ಲಿರುತ್ತಾರೆ. ಅಲ್ಲೂ ಕೆಲಸವಾಗದಿದ್ದರೆ ಅಫಿಡವಿಟ್ ಸಮೇತ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ, ತನಿಖೆಗೆ ಆದೇಶ ಕೇಳಬಹುದು.

ಖಾಸಗಿ ದೂರು ಎಂದರೆ ಪೊಲೀಸರನ್ನು ಬಿಟ್ಟು ನೀವೇ ನೇರವಾಗಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಕೊಡುವ ದೂರು. ಇದರಲ್ಲಿ ಸಾಕ್ಷಿ, ಕಾಗದಪತ್ರ, ವಕೀಲರ ಫೀಸು ಎಲ್ಲ ನಿಮ್ಮದೇ ತಲೆನೋವು. ಈಗಂತೂ ಕೋರ್ಟು ಪ್ರಕರಣ ಕೈಗೆತ್ತಿಕೊಳ್ಳುವ ಮುನ್ನವೇ ಆರೋಪಿಗೂ ಮಾತಾಡಲು ಅವಕಾಶ ಕೊಡಬೇಕು. ಮಾನನಷ್ಟದಂಥ ಪ್ರಕರಣಕ್ಕೆ ಇದೇ ದಾರಿ. ಉಳಿದವರು ದಾಖಲೆಗಳೆಲ್ಲ ತಮ್ಮ ಕೈಯಲ್ಲೇ ಗಟ್ಟಿಯಾಗಿದ್ದರೆ ಮಾತ್ರ ಯೋಚಿಸಲಿ.

ಪರಿಹಾರದ ಹಣ ಬೇರೆ ವಿಷಯ. ಆರೋಪಿ ಪತ್ತೆಯಾಗದೆ ವಿಚಾರಣೆಯೇ ನಡೆಯದಿದ್ದರೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು.