ರೇನಾಕ್ಸ್ ಡಿಸಿಆರ್-250: ಹುಳುಗಳ ವಿಡಿಯೊ ಮಾಡುವವರಿಗೆ

ಕೆಲವು ವರ್ಷಗಳಿಂದ ಇದು ನನ್ನ ಕ್ಯಾಮೆರಾ ಬ್ಯಾಗಿನಲ್ಲೇ ಇದೆ. ಇದು ಪೂರ್ತಿ ಲೆನ್ಸ್ ಅಲ್ಲ. ನಮ್ಮ ಹತ್ತಿರ ಇರುವ ಝೂಮ್ ಲೆನ್ಸಿನ ಮುಂದೆ ಕ್ಲಿಪ್ ಒತ್ತಿ ಸಿಕ್ಕಿಸುವ, ಭೂತಗನ್ನಡಿಯಂಥ ಗಾಜು. 52ರಿಂದ 67 ಎಂಎಂ ಫಿಲ್ಟರ್ ಸೈಜಿನ ಲೆನ್ಸಿಗೆ ಕೂರುತ್ತದೆ. ಪವರ್ 8 ಡಯಾಪ್ಟರ್ (ಕನ್ನಡಕದ ಪವರ್ ಹೇಳುವ ಅದೇ ಅಳತೆ). 250 ಎಂಎಂಗೆ ಝೂಮ್ ಮಾಡಿ ಫೋಕಸ್ ಇನ್ಫಿನಿಟಿಗೆ, ಅಂದರೆ ತೀರಾ ದೂರಕ್ಕೆ ಇಟ್ಟರೆ ಸೆನ್ಸರ್ ಮೇಲೆ ಹುಳ ನಿಜ ಗಾತ್ರದ ಎರಡರಷ್ಟು ಬೀಳುತ್ತದೆ.

ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಸಿಗುವ ಜಾಗ. ಗಾಜಿಗೂ ಹುಳಕ್ಕೂ ನಡುವೆ ಸುಮಾರು 12 ಸೆಂಟಿಮೀಟರ್ ಉಳಿಯುತ್ತದೆ. ಇರುವೆ ಸಿಂಹವನ್ನೇ ತಗೊಳ್ಳಿ. ನಮ್ಮ ಚಿತ್ರದುರ್ಗದ ಬಂಡೆಗಳ ಬುಡದಲ್ಲಿ, ಮಳೆ ತಾಗದ ಪುಡಿಮಣ್ಣಿನಲ್ಲಿ ಲಾಳಿಕೆಯಂಥ ಗುಂಡಿಗಳು ಇರುತ್ತವಲ್ಲ, ಅದರ ತಳದಲ್ಲಿ ಅಡಗಿ ಕೂತಿರುತ್ತದೆ. ಲೆನ್ಸ್ ತೀರಾ ಹತ್ತಿರ ಹೋದರೆ ನೆರಳು ಬೀಳುತ್ತದೆ, ಗುಂಡಿಯ ಅಂಚೂ ಕುಸಿಯುತ್ತದೆ. ಇಷ್ಟು ದೂರ ನಿಂತರೆ ಅದು ತನ್ನ ಪಾಡಿಗೆ ತಾನಿರುತ್ತದೆ. ಇರುವೆ ಜಾರಿತೋ ಇಲ್ಲವೋ, ತಲೆಯನ್ನು ಪಟ್ ಅಂತ ಎತ್ತಿ ಮಣ್ಣು ಎರಚುತ್ತದೆ. ಇರುವೆ ಹತ್ತಿದಷ್ಟೂ ಕಾಲಡಿಯ ಮಣ್ಣು ಕುಸಿಯುತ್ತದೆ. ದವಡೆಗಳು ಟೊಳ್ಳು. ಅವುಗಳಿಂದಲೇ ರಸ ಹೀರಿ, ಖಾಲಿ ಚಿಪ್ಪನ್ನು ಗುಂಡಿಯಿಂದಾಚೆ ಎಸೆಯುತ್ತದೆ. ಆ ಎಸೆತವನ್ನು ಸ್ಲೋ ಮೋಷನ್‌ನಲ್ಲಿ ಮೊದಲ ಸಲ ನೋಡಿದಾಗ ಮೈ ಜುಂ ಅಂದಿತ್ತು.

ದಾವಣಗೆರೆ ಕಡೆಯ ಮೆಕ್ಕೆಜೋಳದ ಹೊಲದಲ್ಲೂ ಉಪಯೋಗಕ್ಕೆ ಬಂತು. 2018ರಲ್ಲಿ ದೇಶದಲ್ಲೇ ಮೊದಲು ನಮ್ಮ ರಾಜ್ಯದಲ್ಲಿ ಪತ್ತೆಯಾದ ಫಾಲ್ ಸೈನಿಕ ಹುಳು ಗೊತ್ತಲ್ವಾ? ತಲೆ ಮೇಲೆ ತಲೆಕೆಳಗಾದ ವೈ ಗುರುತು, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕಿ. ಸುಳಿ ಬಿಡಿಸಿ ತೆಗೆದ ವಿಡಿಯೊದಲ್ಲಿ ಎರಡೂ ನಿಚ್ಚಳವಾಗಿ ಕಂಡವು. ಹೊಲದವರಿಗೆ ಅಲ್ಲೇ ತೋರಿಸಿದೆ.

ಫೋಕಸ್ ಆಗುವ ಭಾಗ ತುಂಬಾ ತೆಳು. ಎರಡು ಪಟ್ಟಿನಲ್ಲಿ, ಲೆನ್ಸಿನ ಕಿಂಡಿ ಕಿರಿದು ಮಾಡಿ ಎಫ್8 ಇಟ್ಟರೂ ಅರ್ಧ ಮಿಲಿಮೀಟರ್ ಸಿಗುವುದಿಲ್ಲ. ಇಷ್ಟು ಹತ್ತಿರದಲ್ಲಿ ಯಾವ ಗಾಜಾದರೂ ಹೀಗೇ. ಫೋಟೊ ಆದರೆ ಹಲವು ಫ್ರೇಮ್ ಜೋಡಿಸಬಹುದು, ಓಡಾಡುವ ಹುಳದ ವಿಡಿಯೊಗೆ ಅದು ಆಗದ ಮಾತು. ಅದಕ್ಕೇ ನಾನು 100ರಿಂದ 150 ಎಂಎಂನಲ್ಲೇ ಜಾಸ್ತಿ ತೆಗೆಯುತ್ತೇನೆ; ಹುಳ ಚಿಕ್ಕದಾಗಿ ಬಿದ್ದರೂ ಫೋಕಸ್ ಆಗುವ ಭಾಗ ಹೆಚ್ಚುತ್ತದೆ. ಆಟೊ ಫೋಕಸ್ ಆಫ್ ಮಾಡಿ, ಫೋಕಸಿಂಗ್ ರೈಲ್ ಎಂಬ ಜಾರುಪಟ್ಟಿಯ ಮೇಲೆ ಕ್ಯಾಮೆರಾವನ್ನೇ ಹಿಂದೆ ಮುಂದೆ ಸರಿಸುತ್ತೇನೆ.

ಇನ್ನು ನಮ್ಮೂರ ಗಾಳಿ. ಗುಡ್ಡದ ಮೇಲೆಲ್ಲ ಗಾಳಿಯಂತ್ರ ನಿಲ್ಲಿಸಿರುವ ಊರಿದು. ಆಷಾಢದಲ್ಲಿ ಎಲೆ ಮೇಲಿನ ಹುಳ ಫ್ರೇಮಿನಲ್ಲಿ ನಿಲ್ಲುವುದೇ ಇಲ್ಲ. ಆಗ ಸುಮ್ನೆ ನೆಲದ ಹುಳುಗಳ ಕಡೆ ತಿರುಗಿ, ಇಲ್ಲವೇ ಬೆಳಗಿನ ಜಾವ ಹೋಗಿ. ಹುಳವನ್ನು ಫ್ರಿಡ್ಜಿನಲ್ಲಿಟ್ಟು ಜಡ ಮಾಡಿ ತೆಗೆಯುವವರಿದ್ದಾರೆ, ದಯವಿಟ್ಟು ಅದು ಬೇಡ. ಮರಗಟ್ಟಿದ ಹುಳ ಬೇಟೆಯಾಡುವುದಿಲ್ಲ, ಗೂಡು ಕಟ್ಟುವುದಿಲ್ಲ. ನಾವು ನೋಡಬೇಕಾದದ್ದು ಅದನ್ನೇ ಅಲ್ವಾ?

ನಿಮ್ಮ ಹತ್ತಿರ ಬರೀ ಕ್ಯಾಮೆರಾ ಜೊತೆ ಬರುವ 18-55 ಎಂಎಂ ಲೆನ್ಸ್ ಇದ್ದರೆ ಈಗಲೇ ಇದನ್ನು ತಗೋಬೇಡಿ. ವೈಡ್ ಕಡೆ ಮೂಲೆಗಳು ಕಪ್ಪಾಗುತ್ತವೆ, 55ರಲ್ಲಿ ಅರ್ಧ ಗಾತ್ರವೂ ಸಿಗುವುದಿಲ್ಲ. ಮೊದಲು ಸೆಕೆಂಡ್ ಹ್ಯಾಂಡ್ ಟೆಲಿ ಝೂಮ್ ಒಂದನ್ನು ಹುಡುಕಿಕೊಳ್ಳಿ.