ಸ್ಕ್ಯಾನರ್, ಫೋನ್, ಅಂಗಡಿ: ಅಜ್ಜಿಯ ಟ್ರಂಕಿಗೆ ಮೂರನ್ನೂ ಹಚ್ಚಿ ನೋಡಿದೆ

ಅಜ್ಜಿಯ ಟ್ರಂಕು ನನ್ನ ಪಾಲಿಗೆ ಬಂತು. ಅದರೊಳಗೆ ಸುಮಾರು 400 ಫೋಟೋ, ಎರಡು ಅಂಟು ಆಲ್ಬಮ್, ಒಂದು ಡಬ್ಬಿ ನೆಗೆಟಿವ್, ಗಾಜು ಹಾಕಿದ ನಾಲ್ಕು ಫ್ರೇಮು. ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿ ಮನೆಯವರಿಗೆಲ್ಲ ಹಂಚೋಣ, ಒಂದು ತಿಂಗಳ ಕೆಲಸ ಅಂದುಕೊಂಡೆ. ಒಂದೂವರೆ ವರ್ಷ ಹಿಡಿಯಿತು. ಅದರಲ್ಲಿ ಅರ್ಧ ಸಮಯ ಹೋದದ್ದು ಯಾವುದರಲ್ಲಿ ಮಾಡಬೇಕು ಅನ್ನೋ ಗೊಂದಲದಲ್ಲೇ.

ಮೊದಲು ಹಿಡಿದದ್ದು ಸ್ಕ್ಯಾನರ್. ಎಷ್ಟು ಡಿಪಿಐ (ಅಂದರೆ ಒಂದು ಇಂಚಿಗೆ ಎಷ್ಟು ಚುಕ್ಕಿ) ಇಡಬೇಕು ಅಂತ ಒಂದೇ ಫೋಟೋವನ್ನು ಮೂರು ಸಲ ಸ್ಕ್ಯಾನ್ ಮಾಡಿ ನೋಡಿದೆ. 4×6 ಇಂಚಿನ ಫೋಟೋ 300ರಲ್ಲಿ 1200×1800 ಪಿಕ್ಸೆಲ್ ಬರುತ್ತದೆ. ಅದೇ ಅಳತೆಗೆ ಮತ್ತೆ ಪ್ರಿಂಟ್ ಹಾಕಿಸಲು ಅಷ್ಟು ಸಾಕು. 600ರಲ್ಲಿ 2400×3600. ಎರಡು ಪಟ್ಟು ದೊಡ್ಡದು ಮಾಡಿದರೂ ಮುಖ ಒಡೆಯುವುದಿಲ್ಲ. ಚಿತ್ರದ ವಿವರ ಕಳೆಯದೆ ಉಳಿಸುವ ಟಿಫ್ ಫೈಲ್ ಒಂದಕ್ಕೆ 25 ಎಂಬಿ ಆಸುಪಾಸು. 1200ಕ್ಕೆ ಏರಿಸಿದಾಗ ಫೈಲ್ ನಾಲ್ಕು ಪಟ್ಟು ಉಬ್ಬಿತು, ಹೊಸದಾಗಿ ಕಂಡದ್ದು ಕಾಗದದ ನಾರು ಮತ್ತು ಧೂಳು ಮಾತ್ರ. ಹಾಗಾಗಿ ಸಾಮಾನ್ಯ ಫೋಟೋಗೆ 600, ಬೆರಳಗಲದ ಪುಟಾಣಿ ಫೋಟೋಗಳಿಗೆ 1200 ಅಂತ ಗಟ್ಟಿ ಮಾಡಿಕೊಂಡೆ.

ನನ್ನ ಹತ್ತಿರ ಇದ್ದದ್ದು ತೆಳ್ಳನೆಯ ಸಿಐಎಸ್ ಸ್ಕ್ಯಾನರ್, ಅಂದರೆ ಚಿತ್ರ ಹಿಡಿಯುವ ಸೆನ್ಸರ್ ಗಾಜಿನ ಕೆಳಗೇ ಇರುವ ಬಗೆ. ಅದಕ್ಕೆ ಗಾಜಿಗೆ ಅಂಟಿದಂತೆ ಇರುವುದು ಮಾತ್ರ ಚೆನ್ನಾಗಿ ಕಾಣುತ್ತದೆ. ಸುರುಳಿ ಸುತ್ತಿಕೊಂಡ ಹಳೇ ಫೋಟೋದ ಅಂಚು ಚೂರು ಮೇಲೆದ್ದರೂ ಮಸುಕು. ಸ್ನೇಹಿತನ ಮನೆಯಿಂದ ಕನ್ನಡಿ, ಲೆನ್ಸ್ ಮೂಲಕ ನೋಡುವ ದಪ್ಪನೆಯ ಸಿಸಿಡಿ ಸ್ಕ್ಯಾನರ್ ತಂದ ಮೇಲೆ ಆ ಕಾಟ ತಪ್ಪಿತು. ಫ್ರೇಮುಗಳಲ್ಲಿ ಒಂದರ ಫೋಟೋ ಗಾಜಿಗೇ ಅಂಟಿ ಹೋಗಿತ್ತು. ತೇವ ತಗುಲಿದರೆ ಫೋಟೋದ ಮೇಲಿನ ಜೆಲಟಿನ್ ಪದರ ಹಾಗೆ ಕಚ್ಚಿಕೊಳ್ಳುತ್ತದೆ. ಎಳೆದರೆ ಮುಖವೇ ಕಿತ್ತು ಬರುತ್ತದೆ. ಗಾಜಿನ ಸಮೇತ ದಪ್ಪ ಸ್ಕ್ಯಾನರ್ ಮೇಲೆ ಮಲಗಿಸಿದೆ, ಪರವಾಗಿಲ್ಲ ಅನ್ನುವಷ್ಟು ಬಂತು.

ಸ್ಕ್ಯಾನರ್ ಪೂರ್ತಿ ಸೋತದ್ದು ಒಂದೇ ಕಡೆ. ಕೆಲವು ಕಲರ್ ಫೋಟೋಗಳ ಮೈ ಜೇನುಗೂಡಿನ ಹಾಗೆ ಉಬ್ಬುತಗ್ಗು ಇರುತ್ತದಲ್ಲ, ಅವು. ಸ್ಕ್ಯಾನರ್ ಬೆಳಕು ಒಂದೇ ಕಡೆಯಿಂದ ಬೀಳುವುದರಿಂದ ಪ್ರತಿ ಉಬ್ಬೂ ಮಿಂಚಿ, ಮುಖದ ತುಂಬ ಚುಕ್ಕಿ. ಮೋಡ ಕವಿದ ದಿನ ಅವನ್ನು ಹೊರಗೆ ಇಟ್ಟು ಫೋನಿನಲ್ಲಿ ತೆಗೆದೆ. ಸುತ್ತಲಿಂದಲೂ ಮೆತ್ತಗೆ ಬೆಳಕು ಬಿದ್ದು ಚುಕ್ಕಿ ಹೆಚ್ಚುಕಡಿಮೆ ಮಾಯ. ಅಲ್ಲಿಯವರೆಗೆ ಫೋನು ಅಂದರೆ ನನಗೆ ತಾತ್ಸಾರ ಇತ್ತು, ಸುಳ್ಳು ಹೇಳಬಾರದು.

ಫೋನಿನಲ್ಲಿ ಎರಡು ದಾರಿ. ಒಂದು ಸ್ಕ್ಯಾನ್ ಆ್ಯಪ್. 2016ರಲ್ಲಿ ಗೂಗಲ್‌ನ ಫೋಟೋಸ್ಕ್ಯಾನ್ ಬಂದಾಗಿನಿಂದ ಈ ಬಗೆಯವು ಜಾಸ್ತಿಯಾದವು. ಫೋನನ್ನು ಅತ್ತಿತ್ತ ಸರಿಸುತ್ತಾ ಹಲವು ಸಲ ತೆಗೆದು, ಎಲ್ಲ ಸೇರಿಸಿ ಹೊಳಪು ಅಳಿಸುತ್ತವೆ. ನಾನು ಹಾಕಿಕೊಂಡದ್ದು ಅಂಥದ್ದೇ ಇನ್ನೊಂದು ಆ್ಯಪ್. ಹೊಳಪು ಹೋಯಿತು ನಿಜ, ಆದರೆ ಕೈ ಅಲುಗಿದಾಗ ಕಣ್ಣಿನ ರೆಪ್ಪೆ ಎರಡೆರಡು ಕಂಡವು. ಇನ್ನೊಂದು ದಾರಿ ಮಾಮೂಲಿ ಕ್ಯಾಮೆರಾ: ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ನೇರ ಮೇಲಿನಿಂದ, ಸ್ವಲ್ಪ ದೂರ ಇಟ್ಟು 2 ಪಟ್ಟು ಝೂಮ್. ತೀರಾ ಹತ್ತಿರ ಹೋದರೆ ಅಂಚುಗಳು ಉಬ್ಬುತ್ತವೆ. ನನಗೆ ಈ ಎರಡನೆಯದೇ ಹಿಡಿಸಿತು. ಅಂಟು ಆಲ್ಬಮಿಗೂ ಇದೇ ಸರಿ, ಹಾಳೆ ಇದ್ದ ಹಾಗೆ ಮೊದಲು ಒಂದು ಚಿತ್ರ ತೆಗೆದಿಟ್ಟರೆ ಯಾವುದರ ಪಕ್ಕ ಯಾವುದಿತ್ತು ಅನ್ನುವುದು ಉಳಿಯುತ್ತದೆ. ಆಮೇಲೆ ಮೇಣ ಹಚ್ಚದ ಡೆಂಟಲ್ ಫ್ಲಾಸನ್ನು ಫೋಟೋದ ಕೆಳಗೆ ಮೆಲ್ಲಗೆ ಗರಗಸದ ಹಾಗೆ ಆಡಿಸಿ ಬಿಡಿಸಿದೆ.

ಫೋನಿನ ನಿಜವಾದ ಲಾಭ ಬೇರೆ. ಅದನ್ನು ದೊಡ್ಡಮ್ಮನ ಮನೆಗೆ ಒಯ್ಯಬಹುದು. ಸ್ಕ್ಯಾನರ್ ನನ್ನ ಕೋಣೆಯಲ್ಲಿ ಕೂತು 200 ಫೋಟೋ ಮುಗಿಸಿತ್ತು, ಹೆಸರುಗಳನ್ನು ನನಗೆ ತಿಳಿದಷ್ಟು ಬರೆದಿದ್ದೆ. ದೊಡ್ಡಮ್ಮ ಕನ್ನಡಕ ಏರಿಸಿ ನೋಡಿ, "ಇವರು ನಿಮ್ಮಜ್ಜ ಅಲ್ಲ ಕಣೋ, ಅವರ ತಮ್ಮ. ಕಿವಿ ನೋಡು" ಅಂದರು. ಅಜ್ಜ ಅಂತ ಬರೆದಿದ್ದ 11 ಫೋಟೋ ಅಜ್ಜನದ್ದಲ್ಲ! ಅವತ್ತಿನಿಂದ ಫೋಟೋ ತೆಗೆಯುವಾಗ ಇನ್ನೊಂದು ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿದೆ. ಹೆಸರುಗಳನ್ನು ಫೈಲಿನ ಒಳಗಿನ ಕ್ಯಾಪ್ಷನ್ ಜಾಗದಲ್ಲಿ ತುಂಬಿದೆ. ಆದರೆ ಚಾಟ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಅದು ಕಳಚಿ ಹೋಗುವುದುಂಟು, ಹಾಗಾಗಿ ಫೈಲಿನ ಹೆಸರಿನಲ್ಲೂ ಸೇರಿಸಿದೆ. ಫೋಟೋದ ಬೆನ್ನಿಗೆ ಮೆದು ಪೆನ್ಸಿಲ್ ಮಾತ್ರ. ಬಾಲ್‌ಪೆನ್ ಒತ್ತಿದರೆ ಮುಂದುಗಡೆ ಗೆರೆ ಮೂಡುತ್ತದೆ.

ಅಂಗಡಿಯ ವಿಷಯ. ಬೇಸತ್ತು 150 ಫೋಟೋ ಒಂದು ಕಡೆ ಕೊಟ್ಟೆ. ಬೇಗ ಬಂದವು, ಚೆನ್ನಾಗಿಯೂ ಬಂದವು. ಆದರೆ ಬಿಳಿ ಅಂಚನ್ನು ಕತ್ತರಿಸಿದ್ದರು. ಕೆಲವು ಫೋಟೋಗಳಲ್ಲಿ ತೊಳೆದ ತಿಂಗಳು, ವರ್ಷ ಅಚ್ಚಾಗಿದ್ದದ್ದು ಆ ಅಂಚಿನಲ್ಲೇ. ಬೆನ್ನ ಬರಹ ತೆಗೆದಿರಲಿಲ್ಲ. ಬೇರೆ ಬೇರೆ ಲಕೋಟೆಯಲ್ಲಿದ್ದವನ್ನೆಲ್ಲ ಒಂದೇ ಕಟ್ಟು ಮಾಡಿ ವಾಪಸ್ ಕೊಟ್ಟರು. ಹೇಳದೇ ಕೊಟ್ಟದ್ದು ನನ್ನ ತಪ್ಪು ಅನ್ನಿ.

ನೆಗೆಟಿವ್‌ಗೆ ಮಾತ್ರ ಅಂಗಡಿಯೇ ವಾಸಿ ಅನ್ನಿಸಿತು. 35 ಎಂಎಂ ರೀಲಿನ ಒಂದು ಚಿತ್ರ ಬರೀ 24×36 ಮಿಲಿಮೀಟರ್. ಅದಕ್ಕೆ 2400 ಡಿಪಿಐಗಿಂತ ಕಡಿಮೆ ಸಾಲದು, ಒಳ್ಳೆಯ ಫಿಲ್ಮ್ ಸ್ಕ್ಯಾನರ್ ಬೇಕು. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಿಂದ ಧೂಳು ಗುರುತಿಸಿ ಅಳಿಸುವ ಸೌಲಭ್ಯ ಕಲರ್ ಫಿಲ್ಮಿಗೆ ಚೆನ್ನಾಗಿ ನಡೆಯುತ್ತದೆ, ಕಪ್ಪುಬಿಳುಪಿಗೆ ಇಲ್ಲ, ಬೆಳ್ಳಿಯ ಕಣಗಳು ಆ ಬೆಳಕನ್ನು ತಡೆಯುತ್ತವೆ. ಪ್ರಿಂಟೇ ಹಾಕಿಸದ ಎಷ್ಟೋ ಚಿತ್ರ ಅಲ್ಲಿ ಸಿಕ್ಕವು. ಅಂಚಿನ ನಂಬರ್ ನೋಡಿ ಯಾವುದು ಮೊದಲು, ಯಾವುದು ಆಮೇಲೆ ಅಂತಲೂ ತಿಳಿಯಿತು.

ಹಳೇ ಮನೆಯ ನೆನಪು ಉಳಿಸಲೂ ಎರಡು ಬಗೆ ಪ್ರಯತ್ನಿಸಿದೆ. ಮಾರುವ ಮುಂಚೆ ಕೋಣೆ ಕೋಣೆ ಸುತ್ತಿ 20 ನಿಮಿಷದ ವಿಡಿಯೋ ಮಾಡಿದ್ದೆ. ಅದನ್ನು ಯಾರೂ ಎರಡನೇ ಸಲ ನೋಡಲಿಲ್ಲ. ಆಮೇಲೆ ಸುಮ್ನೆ ಒಂದು ದೊಡ್ಡ ಹಾಳೆಯಲ್ಲಿ ಮನೆಯ ನಕ್ಷೆ ಗೀಚಿ, ಗೋಡೆ ಗಡಿಯಾರ ಎಲ್ಲಿತ್ತು, ಟ್ರಂಕು ಎಲ್ಲಿತ್ತು ಅಂತ ಕೇಳಿದೆ ನೋಡಿ, ಎಲ್ಲರೂ ಪೆನ್ಸಿಲ್ ಕಿತ್ತುಕೊಂಡರು. ಗಡಿಯಾರ ಈಗ ನನ್ನ ಹತ್ತಿರವೇ ಇದೆ. ಸ್ಕೇಲ್ ಪಕ್ಕದಲ್ಲಿಟ್ಟು ಅದರ ಹಿಂಬದಿಯ ಗೀರನ್ನೂ ಫೋಟೋ ತೆಗೆದಿದ್ದೆ. ಚಿಕ್ಕಪ್ಪ ಅದನ್ನು ಬೀಳಿಸಿದ ದಿನದ ಕಥೆ ಆಗಲೇ ಹೊರಬಿದ್ದದ್ದು.

ಜಗಳ ಬಂದದ್ದು ಮೆಟ್ಟಿಲಿನ ವಿಷಯಕ್ಕೆ. ಮನೆ ರಿಪೇರಿಯಲ್ಲಿ ಕಿತ್ತುಹಾಕಿದ್ದ ಹಳೇ ಮೆಟ್ಟಿಲು ಬಾಗಿಲಿನ ಎಡಕ್ಕಿತ್ತು ಅಂತ ದೊಡ್ಡಮ್ಮ, ಬಲಕ್ಕೆ ಅಂತ ಚಿಕ್ಕಪ್ಪ. ನೆಗೆಟಿವ್‌ನಿಂದ ಬಂದ ಒಂದು ಚಿತ್ರದಲ್ಲಿ ಮೆಟ್ಟಿಲು ಕಂಡಿತು, ಬಲಕ್ಕೇ ಇತ್ತು. ಚಿಕ್ಕಪ್ಪ ಗೆದ್ದರು. ನಕ್ಷೆ ತಿದ್ದಿ ಶಾಯಿಯಲ್ಲಿ ಬರೆದೂ ಆಯಿತು. ಎರಡು ವಾರದ ಮೇಲೆ ಅದೇ ಚಿತ್ರ ದೊಡ್ಡದು ಮಾಡಿ ನೋಡುತ್ತಿದ್ದೆ. ಗೋಡೆಯ ಕ್ಯಾಲೆಂಡರಿನ ಅಂಕಿಗಳೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ. ಅಂಗಡಿಯವರು ಫಿಲ್ಮನ್ನು ಮಗುಚಿ ಹಾಕಿ ಸ್ಕ್ಯಾನ್ ಮಾಡಿದ್ದರು. ದೊಡ್ಡಮ್ಮನಿಗೆ ಫೋನ್ ಮಾಡಿದೆ. "ನಾನು ಆ ಮೆಟ್ಟಿಲಲ್ಲಿ ಬಿದ್ದವಳು ಕಣೋ" ಅಂದರು.